ಈ ಹಾಡು ಯಾರದು?



ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆಯ ಹಾಸ್ಟೆಲುಗಳಲ್ಲಿ ಓದುವ ನಮ್ಮ ಹುಡುಗ ಹುಡುಗಿಯರಲ್ಲಿ ಎಷ್ಟೋ ಮಂದಿಯ ಅಮ್ಮ, ಅಜ್ಜಿ ಬೇರೆಯವರ ಗದ್ದೆಗಿಳಿದು ನೇಜಿ ನೆಟ್ಟವರು. ನೆಡುವಾಗ ಒಬ್ಬಾಕೆ ಓಬೇಲೆ ಎತ್ತಿಕೊಡುವಳು, ಉಳಿದವರು ಸೊಲ್ಲು ಸೇರಿಸುವರು. ಅದೇ ಹಾಡು ಕಾಲೇಜಿನ ವೇದಿಕೆ ಹತ್ತಿದರೆ 'ಜಾನಪದ ಗೀತೆ'. ಅಲ್ಲಿ ಹಾರ್ಮೋನಿಯಂ ಇದೆ, ಬಣ್ಣದ ಸೀರೆ ಇದೆ, ಬಹುಮಾನ ಇದೆ. ಗದ್ದೆಯಲ್ಲಿ ಹಾಡಿದಾಕೆಯ ಹೆಸರು ಮಾತ್ರ ಇಲ್ಲ. ಕೇಳಿದರೆ, "ಜನಪದ ಅಂದ್ರೆ ಹೆಸರಿಲ್ಲದ್ದು ಮಾರಾಯ" ಅಂತಾರೆ.

ಈ ಮಾತು ಸರಿಯೇ?

1954ರಲ್ಲಿ ಬ್ರೆಜಿಲಿನ ಸಾವೊ ಪಾಲೊದಲ್ಲಿ ಸೇರಿದ ಅಂತರರಾಷ್ಟ್ರೀಯ ಜನಪದ ಸಂಗೀತ ಮಂಡಳಿ ಇದಕ್ಕೆ ಲಕ್ಷಣ ಹೇಳಿತು. ಹಾಡು ಬಾಯಿಂದ ಬಾಯಿಗೆ ಬಂದಿರಬೇಕು. ಹಿಂದಿನವರಿಗೂ ಇಂದಿನವರಿಗೂ ಕೊಂಡಿ ಇರಬೇಕು. ಹಾಡುವವರ ಬಾಯಲ್ಲಿ ಅದು ಬದಲಾಗುತ್ತಿರಬೇಕು. ಯಾವುದು ಉಳಿಯಬೇಕೆಂದು ಸಮುದಾಯವೇ ಆರಿಸಬೇಕು. ಒಬ್ಬರು ಕಟ್ಟಿದ ಹಾಡೂ ಜನರ ಬಾಯಿಗೆ ಬಿದ್ದು ಹೀಗೆ ಬೆಳೆದರೆ ಜನಪದವೇ ಎಂದು ಮಂಡಳಿ ಒಪ್ಪಿತು.

ಸಾಕ್ಷಿಗೆ ದೂರ ಹೋಗಬೇಕಿಲ್ಲ. ಬೆಳ್ತಂಗಡಿ ತಾಲೂಕಿನ ಮಾಚಾರಿನ ಗೋಪಾಲ ನಾಯ್ಕರು 1990ರಲ್ಲಿ ಹಾಡಿದ ಸಿರಿ ಪಾಡ್ದನ 15,683 ಸಾಲು. ಫಿನ್ಲೆಂಡಿನ ಲೌರಿ ಹಾಂಕೊ, ನಮ್ಮ ವಿವೇಕ ರೈ, ಚಿನ್ನಪ್ಪ ಗೌಡ ಮತ್ತು ಸಂಗಡಿಗರು 1998ರಲ್ಲಿ ಅದನ್ನು ಅಚ್ಚು ಹಾಕಿಸುವಾಗ ಪುಸ್ತಕದ ಹೆಸರಿನಲ್ಲೇ ಹಾಡಿದವರ ಹೆಸರು ಸೇರಿಸಿದರು. ಸಿರಿಯ ಕಥೆ ಊರಿನದು, ಆ ಹಾಡಿಕೆ ಗೋಪಾಲ ನಾಯ್ಕರದು. ಹೆಸರು ಹಾಕಿದ್ದರಿಂದ ಪಾಡ್ದನಕ್ಕೆ ಏನು ನಷ್ಟವಾಯಿತು?

ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' 1975ರಲ್ಲಿ ಬಂತು. ದಲಿತ ಸಂಘರ್ಷ ಸಮಿತಿಯ ಸಭೆ, ಜಾಥಾಗಳಲ್ಲಿ ತಮಟೆಯೊಂದಿಗೆ ಆ ಪದ್ಯಗಳನ್ನು ಕೂಗಿ ಹಾಡಿದ ಎಷ್ಟೋ ಜನಕ್ಕೆ ಅಕ್ಷರವೇ ಗೊತ್ತಿರಲಿಲ್ಲ. ಕವಿಯ ಹೆಸರು ಎಲ್ಲರಿಗೂ ಗೊತ್ತು, ಹಾಡು ಎಲ್ಲರದೂ ಆಯಿತು.

ಆದರೆ ಮಂಡಳಿ ಕೇಳದ ಒಂದು ಪ್ರಶ್ನೆ ಇದೆ. ಒಲ್ಲೆ ಎನ್ನುವ ಹಕ್ಕು ಹಾಡುವವನಿಗೆ ಇತ್ತೇ? ಕೋಲಕ್ಕೆ, ಕಂಬಳಕ್ಕೆ ಕರೆ ಬಂದರೆ ಕೊರಗರು ಡೋಲು ಬಡಿಯಲೇಬೇಕು, ಇದು ಊರಿನ ಕಟ್ಟಳೆಯಾಗಿತ್ತು. ಅವರನ್ನು ಕೀಳೆಂದು ಕಂಡು ನಡೆಸಿಕೊಂಡ ಅಜಲು ಪದ್ಧತಿಯನ್ನು ನಿಷೇಧಿಸಲು ಕರ್ನಾಟಕದಲ್ಲಿ 2000ದ ಕಾಯ್ದೆಯೇ ಬೇಕಾಯಿತು. ಅದೇ ಡೋಲನ್ನು ಕೊರಗ ಯುವಕ ತನ್ನ ಜನರ ಸಭೆಯಲ್ಲಿ ತನ್ನಿಷ್ಟಕ್ಕೆ ಬಡಿದರೆ ಅದು ಅವನ ಸಂಗೀತ. "ನಾನು ಡೋಲು ಮುಟ್ಟುವುದಿಲ್ಲ" ಎಂದರೆ ಅದೂ ಅವನ ಹಕ್ಕು. ಜಾನಪದ ಹಾಳಾಯಿತೆಂದು ಅಳುವವರು ತಾವೇ ಕೊರಳಿಗೆ ಹಾಕಿಕೊಂಡು ಬಡಿಯಲಿ.

ಹಾಡುವ ಜನಕ್ಕೆ ಅದನ್ನು ತಿದ್ದುವ, ಬೆಳೆಸುವ, ಬೇಡವೆಂದರೆ ಬಿಡುವ ಅಧಿಕಾರ ಇದ್ದರೆ ಆ ಹಾಡು ಜನಪದ. ಆ ಅಧಿಕಾರ ಬೇರೆಯವರ ಕೈಗೆ ಹೋದರೆ ಉಳಿಯುವುದು ಬರೀ ವೇಷ.

ರಜೆಯಲ್ಲಿ ಮನೆಗೆ ಹೋದಾಗ ಅಮ್ಮನ, ದೊಡ್ಡಮ್ಮನ ಹತ್ತಿರ ಕೂತು ಹಾಡು ಬರೆದುಕೊಳ್ಳಿ. ಹಾಡಿದಾಕೆ ಯಾರು, ಯಾರಿಂದ ಕಲಿತಳು, ಯಾರ ಗದ್ದೆಯಲ್ಲಿ ಹಾಡಿದಳು, ಆಗ ಕೂಲಿ ಎಷ್ಟಿತ್ತು, ಎಲ್ಲವನ್ನೂ ಬರೆಯಿರಿ. ಅವಳು ಬೇಡ ಅಂದರೆ ಪೆನ್ನು ಮುಚ್ಚಿ. ಕೊಟ್ಟರೆ, ನಾಳೆ ವೇದಿಕೆಯಲ್ಲಿ ಮೊದಲು ಅವಳ ಹೆಸರು ಹೇಳಿ, ಆಮೇಲೆ ಹಾಡಿ.