ಇನ್ನೊಂದು ಲೇಬಲ್ ಯಾಕೆ ಮೇಡಂ?

ಶುಕ್ರವಾರ ಸಂಜೆ ಐದೂವರೆಗೆ ಸೇಲ್ಸ್‌ನವರ ಫೋನ್ ಬಂತು ಅಂದ್ರೆ ನನಗೆ ಹೊಟ್ಟೆಯಲ್ಲಿ ತಳಮಳ ಶುರು. "ಮೇಡಂ, ಒಂದು ಸಣ್ಣ ಹೆಲ್ಪ್. ಆ ಅಸಿಟಿಕ್ ಆಸಿಡ್ ಡ್ರಮ್‌ಗಳಿಗೆ ಎರಡೆರಡು ಲೇಬಲ್ ಯಾಕೆ? ಆಸಿಡ್ ಅಂತ ಒಂದಿದೆಯಲ್ಲ, ಸಾಕು ಬಿಡಿ. ಬೆಂಕಿ ಚಿತ್ರ ನೋಡಿದ್ರೆ ಲಾರಿಯವನು ರೇಟ್ ಜಾಸ್ತಿ ಹೇಳ್ತಾನೆ."

ಅಪಾಯಕಾರಿ ಸರಕು ಸಾಗಿಸೋಕೆ ಬೇಕಾದ ಕಾಗದಪತ್ರ ಮಾಡೋದು ನನ್ನ ಹೊಟ್ಟೆಪಾಡು. ಯಾವ ರಾಸಾಯನಿಕ ಯಾವ ವರ್ಗ, ಯಾವ ಲೇಬಲ್ ಅಂತ ಬರೆದು ಕೊಡೋಳು ನಾನು. ಈ "ಒಂದು ಸಾಕು ಬಿಡಿ" ಅನ್ನೋ ಮಾತಿನ ಮೇಲಿರೋ ಸಿಟ್ಟನ್ನ ಇವತ್ತು ಕಾರಿಬಿಡ್ತೀನಿ.

ವಿಶ್ವಸಂಸ್ಥೆಯ ಪದ್ಧತಿಯಲ್ಲಿ ಇಂಥ ಸರಕಿಗೆ 9 ವರ್ಗಗಳಿವೆ. 3 ಅಂದ್ರೆ ಹೊತ್ತಿಕೊಳ್ಳೋ ದ್ರವ, 5.1 ಅಂದ್ರೆ ಬೆಂಕಿಗೆ ಇನ್ನಷ್ಟು ಬಲ ಕೊಡೋ ಆಕ್ಸಿಡೈಸರ್, 6.1 ವಿಷ, 8 ಅಂದ್ರೆ ಚರ್ಮವನ್ನೂ ಲೋಹವನ್ನೂ ತಿನ್ನೋ ವಸ್ತು. ಆದರೆ ರಾಸಾಯನಿಕಗಳು ನಮ್ಮ ಪಟ್ಟಿ ನೋಡಿಕೊಂಡು ಹುಟ್ಟಿಲ್ಲ. ಮೆಥನಾಲ್ ಹೊತ್ತಿಕೊಳ್ಳುತ್ತೆ, ವಿಷವೂ ಹೌದು. ಪಟ್ಟಿಯಲ್ಲಿ ಹೆಸರಿರೋ ವಸ್ತುಗಳಿಗೆ ಉತ್ತರ ಅಲ್ಲೇ ಸಿಗುತ್ತೆ: ಮೆಥನಾಲ್‌ಗೆ ಮುಖ್ಯ ವರ್ಗ 3, ಉಪ ಅಪಾಯ 6.1. ಹೆಸರಿಲ್ಲದ ಮಿಶ್ರಣವಾದರೆ ಅದಕ್ಕೊಂದು ಆದ್ಯತೆಯ ಕೋಷ್ಟಕ ಇದೆ. ಎರಡು ಅಪಾಯಗಳನ್ನ ಎದುರಾಬದುರು ನಿಲ್ಲಿಸಿ, ಯಾವುದು ಮೇಲು ಅಂತ ಅದು ಹೇಳುತ್ತೆ. ಗೆದ್ದದ್ದು ಮುಖ್ಯ ವರ್ಗ, ಸೋತದ್ದು ಉಪ ಅಪಾಯ.

ಆದರೆ ಸೋತದ್ದು ಎದ್ದು ಮನೆಗೆ ಹೋಗಲ್ಲ ಸ್ವಾಮಿ! ಅದು ಡ್ರಮ್ಮಿನೊಳಗೇ ಕೂತಿರುತ್ತೆ. ಅದಕ್ಕೂ ಲೇಬಲ್ ಬೇಕು. ಪ್ಯಾಕಿಂಗ್ ಎಷ್ಟು ಗಟ್ಟಿ ಇರಬೇಕು ಅನ್ನೋದನ್ನ ಎರಡರಲ್ಲಿ ಹೆಚ್ಚು ತೀವ್ರವಾದ ಅಪಾಯ ತೀರ್ಮಾನಿಸುತ್ತೆ, ಅದು ಕೋಷ್ಟಕದಲ್ಲಿ ಸೋತಿದ್ದರೂ ಸರಿ. ನಮ್ಮ ಕೇಂದ್ರ ಮೋಟಾರು ವಾಹನ ನಿಯಮಗಳು, 1989 ಕೂಡ ಒಂದಕ್ಕಿಂತ ಹೆಚ್ಚು ಅಪಾಯ ಇರೋ ಪ್ಯಾಕೇಜಿಗೆ ಬೇರೆಬೇರೆ ಲೇಬಲ್ ಹಚ್ಚಬೇಕು ಅನ್ನುತ್ತೆ.

ಉಪ ಅಂದಕೂಡಲೇ ಸಣ್ಣದು ಅಂದುಕೊಳ್ಳೋದೇ ನಮ್ಮ ರೋಗ. ಅಪ್ಪನಿಗೆ ಬಿಪಿನೂ ಇದೆ, ಶುಗರ್ರೂ ಇದೆ ಅಂದುಕೊಳ್ಳಿ. ಮದುವೆ ಊಟದಲ್ಲಿ ಬಡಿಸೋರಿಗೆ "ಇವರಿಗೆ ಬಿಪಿ" ಅಂತಷ್ಟೇ ಹೇಳಿದ್ರೆ ಅವರು ಉಪ್ಪಿನಕಾಯಿ ತಪ್ಪಿಸಿ, ಹೋಳಿಗೆ ಎರಡು ಜಾಸ್ತಿ ಹಾಕ್ತಾರೆ. ಅವರ ತಪ್ಪೇನಿದೆ? ನೀವು ಹೇಳಿದ್ದೇ ಅರ್ಧ.

ಈಗ ನಮ್ಮ ಡ್ರಮ್ಮಿಗೆ ಬನ್ನಿ. ಗ್ಲೇಶಿಯಲ್ ಅಸಿಟಿಕ್ ಆಸಿಡ್ ಮುಖ್ಯವಾಗಿ 8, ಉಪ 3. "ವಿನೆಗರ್ ತಾನೆ ಮೇಡಂ" ಅಂತ ನಗೋರಿದ್ದಾರೆ. ಅಡುಗೆಮನೆ ವಿನೆಗರ್‌ನಲ್ಲಿ ಇದು ಶೇಕಡಾ ನಾಲ್ಕೈದು ಇದ್ದರೆ ಹೆಚ್ಚು. ಡ್ರಮ್ಮಿನಲ್ಲಿ ಇರೋದು ಬಹುತೇಕ ಶುದ್ಧ. ಸುಮಾರು 39 ಡಿಗ್ರಿಗೆ ಅದರ ಆವಿ ಕಿಡಿ ತಗುಲಿದರೆ ಹೊತ್ತಿಕೊಳ್ಳುತ್ತೆ. ರಾಯಚೂರು, ಕಲಬುರಗಿ ಕಡೆ ಬೇಸಿಗೆಯಲ್ಲಿ ನೆರಳಲ್ಲೇ 40 ದಾಟುತ್ತೆ. ತಗಡಿನ ಶೆಡ್ಡಿನೊಳಗೆ ಎಷ್ಟಿರುತ್ತೆ, ನೀವೇ ಊಹಿಸಿ.

ಇನ್ನೊಂದು ಡ್ರಮ್, ಶೇಕಡಾ 68ರ ನೈಟ್ರಿಕ್ ಆಸಿಡ್. ಅದೂ ಮುಖ್ಯ 8, ಆದರೆ ಉಪ 5.1. ಎರಡರ ಮೇಲೂ ಬರೀ 8 ಹಚ್ಚಿ ಕಳಿಸಿ ನೋಡಿ. ಗೋಡೌನಿನ ಹಮಾಲಿ ಏನು ಮಾಡ್ತಾನೆ? ಆಸಿಡ್ ಪಕ್ಕ ಆಸಿಡ್ ಇಡ್ತಾನೆ, ಜೋಡಿಸಿದ್ದು ನೀಟಾಗಿ ಕಾಣುತ್ತೆ. ಒಂದು ಉರಿಯೋ ವಸ್ತು, ಇನ್ನೊಂದು ಉರಿಸೋ ವಸ್ತು. ಎರಡೂ ಸೋರಿ ಬೆರೆತರೆ ಕಾದು ಉಕ್ಕಬಹುದು, ಸಿಡಿಯಲೂಬಹುದು. ಇವನ್ನ ದೂರ ಇಡು ಅಂತ ಹೇಳೋದು ಉಪ ಲೇಬಲ್ ಒಂದೇ. ನೀವು ಕಿತ್ತುಹಾಕಿ ಅಂದಿದ್ದು ಅದನ್ನೇ.

ಅತಿ ಮಾಡ್ತೀನಾ? 1996ರ ಮೇ 11ರಂದು ಅಮೆರಿಕದ ಮಯಾಮಿಯಿಂದ ಹೊರಟ ವ್ಯಾಲ್ಯೂಜೆಟ್ 592 ವಿಮಾನದ ಕಥೆ ಓದಿ. ಸರಕಿನ ಅಂಕಣದಲ್ಲಿ ಅವಧಿ ಮುಗಿದ ಆಮ್ಲಜನಕ ಜನರೇಟರ್‌ಗಳಿದ್ದವು. ಕಾಗದದ ಮೇಲೆ ಮಾತ್ರ ಖಾಲಿ ಡಬ್ಬಿ. ಅವು ಖಾಲಿ ಇರಲಿಲ್ಲ. ಚಾಲೂ ಆದರೆ ಆಮ್ಲಜನಕದ ಜೊತೆ ಭಾರಿ ಶಾಖವನ್ನೂ ಬಿಡೋ ವಸ್ತು ಅದು. ಜೊತೆಗೆ ವಿಮಾನದ ಟೈರುಗಳನ್ನೂ ಲೋಡ್ ಮಾಡಿದ್ದರು. ಬೆಂಕಿ ಹೊತ್ತಿ ವಿಮಾನ ಜೌಗಿಗೆ ಬಿತ್ತು, ಒಳಗಿದ್ದ 110 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಕಾಗದದ ಮೇಲೆ ಅಪಾಯ ಮರೆಯಾದರೆ, ಪಕ್ಕದಲ್ಲಿ ಏನಿಡಬಾರದು ಅನ್ನೋದೂ ಮರೆಯಾಗುತ್ತೆ.

ಹಾಗಂತ ನಾನೇನು ಸಾಚಾ ಅಲ್ಲ. ಕೆಲಸಕ್ಕೆ ಸೇರಿದ ಮೊದಲ ವರ್ಷ, ಆಗಿನ ಆಫೀಸಿನ ಸಾಫ್ಟ್‌ವೇರ್‌ನಲ್ಲಿ ವರ್ಗ ತುಂಬೋಕೆ ಇದ್ದದ್ದು ಒಂದೇ ಖಾನೆ. ಎರಡನೆಯದು ಎಲ್ಲಿ ಬರೀಲಿ ಅಂತ ಕೇಳಿದೆ. "ಬಿಡಮ್ಮ, ಇಷ್ಟು ದಿನ ಹಿಂಗೇ ಹೋಗಿದೆ" ಅಂದ್ರು. ಬಿಟ್ಟೆ. ಲಾರಿ ಹೋಯ್ತು, ಮುಟ್ಟಿತು, ಏನೂ ಆಗಲಿಲ್ಲ. ಆ ಏನೂ ಆಗದೇ ಇದ್ದದ್ದೇ ನಾನು ಕಲಿತ ಅತಿ ಕೆಟ್ಟ ಪಾಠ. ಮುಂದೆ ಎಷ್ಟೋ ಸಲ ಅದೇ ಧೈರ್ಯದಲ್ಲಿ ಬಿಟ್ಟಿದ್ದೀನಿ. ಇವತ್ತಿಗೂ ಹೆದ್ದಾರಿಯಲ್ಲಿ ಟ್ಯಾಂಕರ್ ಮಗುಚಿದ ಸುದ್ದಿ ಬಂದರೆ ಮೊದಲು ಲೋಡ್ ಏನಿತ್ತು ಅಂತ ಹುಡುಕ್ತೀನಿ.

ಖರ್ಚು ಜಾಸ್ತಿ ಆಗುತ್ತೆ, ಒಪ್ಪಿದೆ. ಕೋಷ್ಟಕ ತಲೆ ತಿನ್ನುತ್ತೆ, ಅದನ್ನೂ ಒಪ್ಪಿದೆ. ಆದರೆ ಆ ಖರ್ಚು ಉಳಿಸಿದಾಗ ಅಪಾಯ ಉಳಿಯೋದು ಯಾರ ಪಾಲಿಗೆ? ಎಸಿಯಲ್ಲಿ ಕೂತ ನಮಗಂತೂ ಅಲ್ಲ. ಡ್ರಮ್ ಉರುಳಿಸೋ ಹಮಾಲಿಗೆ, ರಾತ್ರಿಯಿಡೀ ಓಡಿಸೋ ಡ್ರೈವರಿಗೆ, ಪೈಪ್ ಹಿಡಿದು ಮೊದಲು ಓಡಿ ಬರೋ ಅಗ್ನಿಶಾಮಕದ ಹುಡುಗನಿಗೆ. ಡ್ರೈವರ್ ಬಿಹಾರದವನಿರಬಹುದು, ಹಮಾಲಿಗೆ ಓದು ಬಾರದೇ ಇರಬಹುದು. ಅದಕ್ಕೇ ಲೇಬಲ್ ಮೇಲೆ ಚಿತ್ರ ಹಾಕಿರೋದು. ಚಿತ್ರಕ್ಕೆ ಭಾಷೆ ಬೇಡ, ಆದರೆ ಚಿತ್ರ ಅಲ್ಲಿ ಇರಬೇಕಲ್ಲ?

ನಿಮ್ಮಲ್ಲಿ ಕೆಲವರು ಇಂಥ ಫಾರಂಗಳ ಸಾಫ್ಟ್‌ವೇರ್ ಬರೆಯೋರು, ಕೆಲವರು ಬಜೆಟ್ ಕತ್ತರಿಸೋರು. ಎರಡನೇ ಖಾನೆ ಇಡಿ. ಖಾಲಿ ಬಿಟ್ಟರೆ ಫಾರಂ ಮುಂದಕ್ಕೆ ಹೋಗದ ಹಾಗೆ ಮಾಡಿ. ಉಪ ಅಪಾಯ ಇಲ್ಲದಿದ್ದರೆ "ಇಲ್ಲ" ಅಂತ ಬರೆದು ಹೆಸರು ಹಾಕಲಿ.

ಆ ಶುಕ್ರವಾರ ಡ್ರಮ್‌ಗಳು ಎರಡು ಲೇಬಲ್ ಹೊತ್ತುಕೊಂಡೇ ಹೋದವು, ಮೂರು ದಿನ ತಡವಾಗಿ. ಸೇಲ್ಸ್‌ನವರು ಈಗ ನನ್ನ ಜೊತೆ ಟೀ ಕುಡಿಯಲ್ಲ. ಕುಡಿಯದಿದ್ರೆ ಬಿಡಿ.