ಎರಡನೇ ಟೇಕ್ ತಗೊಂಡ್ರೆ ಮೋಸಾನಾ?

ಹೋದ ಸೆಮ್‌ನಲ್ಲಿ ನನ್ನ ರೂಮ್‌ಮೇಟ್ ಲ್ಯಾಬ್ ವೈವಾದಲ್ಲಿ ಪೂರ್ತಿ ಬ್ಲ್ಯಾಂಕ್ ಆದ. ಕೋಡ್ ಓಡ್ತಿಲ್ಲ ಅಂದ್ರೆ ನಮ್ಮ ಬ್ಯಾಚ್‌ನ ಅರ್ಧ ಜನ ಹೋಗೋದೇ ಅವನ ಹತ್ರ. ಎಕ್ಸ್‌ಟರ್ನಲ್ ಕೇಳಿದ್ದು, ಹಿಂದಿನ ರಾತ್ರಿ ಅವನೇ ನಂಗೆ ಹೇಳ್ಕೊಟ್ಟಿದ್ದ ಪ್ರಶ್ನೆ. ನಾನು ಪಾಸ್, ಅವನು ಸುಮ್ನೆ ನಿಂತ. ಹೊರಗೆ ಬಂದು "ಬಿಡು ಮಗಾ, ನಂಗೆ ನಿಜವಾಗ್ಲೂ ಏನೂ ಬರಲ್ಲ ಅನ್ಸುತ್ತೆ" ಅಂದ. ಆ ಮಾತು ನಂಗೆ ಇವತ್ತಿಗೂ ಸರಿ ಹೋಗಿಲ್ಲ. ಈ ಲೇಖನ ಅದಕ್ಕೇ. ನನ್ನ ಕನ್ನಡದಲ್ಲಿ ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ, ಹತ್ತನೇ ಕ್ಲಾಸ್ ತನಕ ಎಲ್ಲಾ ಇಂಗ್ಲಿಷಲ್ಲೇ ಓದಿದವನು ನಾನು.

ಚಿಕ್ಕವನಿದ್ದಾಗ ನಾಲ್ಕು ವರ್ಷ ಕೀಬೋರ್ಡ್ ಕ್ಲಾಸಿಗೆ ಹೋಗಿದ್ದೆ. ಅದರಿಂದ ಉಳಿದಿದ್ದು ಒಂದೇ, ಗ್ಲೆನ್ ಗೂಲ್ಡ್ ಹುಚ್ಚು. (ಏಕವಚನದಲ್ಲೇ ಬರೀತೀನಿ, ಅಭಿಮಾನಕ್ಕೆ.) ಹುಟ್ಟಿದ್ದು 1932ರಲ್ಲಿ, ಕೆನಡಾದ ಟೊರಾಂಟೊದಲ್ಲಿ. ಮೊದಲು ಪಿಯಾನೋ ಕಲಿಸಿದ್ದು ಅಮ್ಮ. 1955ರಲ್ಲಿ, ನಮಗಿಂತ ಮೂರ್ನಾಲ್ಕು ವರ್ಷ ದೊಡ್ಡವನಿದ್ದಾಗ, ನ್ಯೂಯಾರ್ಕಿನ ಸ್ಟುಡಿಯೋದಲ್ಲಿ ಬಾಖ್‌ನ 'ಗೋಲ್ಡ್‌ಬರ್ಗ್ ವೇರಿಯೇಷನ್ಸ್' ರೆಕಾರ್ಡ್ ಮಾಡಿದ. ಒಂದು ರಾಗದ ಥರದ ಆರಿಯಾ, ಅದರ ಮೇಲೆ 30 ವೇರಿಯೇಷನ್, ಕೊನೆಗೆ ಮತ್ತೆ ಅದೇ ಆರಿಯಾ. ಎಲ್ಲಾ 38 ನಿಮಿಷದಲ್ಲಿ ಮುಗಿಸಿದ್ದಾನೆ, ಏನೋ ಬಸ್ ತಪ್ಪಿಹೋಗುತ್ತೆ ಅನ್ನೋ ಹಾಗೆ. ಆ ರೆಕಾರ್ಡ್ ಅವನನ್ನ ಒಂದೇ ಏಟಿಗೆ ಫೇಮಸ್ ಮಾಡ್ತು.

ಆಮೇಲೆ ಊರೂರು ಕಛೇರಿ. ಅಪ್ಪ ಮಾಡಿಕೊಟ್ಟ ತಗ್ಗು ಕುರ್ಚಿ ಎಲ್ಲಿಗೆ ಹೋದ್ರೂ ಜೊತೆಗೆ. ಬೇಸಿಗೆಯಲ್ಲೂ ಕೋಟು, ಗ್ಲೌಸು. ನುಡಿಸ್ತಾ ನುಡಿಸ್ತಾ ಗುನುಗೋದು ಬೇರೆ. ಇಷ್ಟೆಲ್ಲಾ ಆಗಿ, 1964ರ ಏಪ್ರಿಲ್‌ನಲ್ಲಿ ಲಾಸ್ ಏಂಜಲೀಸ್‌ನಲ್ಲಿ ಒಂದು ಕಛೇರಿ ಮುಗಿಸಿದವನು ಮತ್ತೆ ವೇದಿಕೆ ಹತ್ತಲೇ ಇಲ್ಲ. ವಯಸ್ಸು 31. 1982ರಲ್ಲಿ, 50 ತುಂಬಿದ ಕೆಲವೇ ದಿನಕ್ಕೆ ಸತ್ತ. ಅಲ್ಲೀವರೆಗೂ ಬರೀ ಸ್ಟುಡಿಯೋ, ರೇಡಿಯೋ, ಟಿವಿ.

ಭಯಕ್ಕೆ ಓಡಿಹೋದ ಅಂತ ಹೇಳೋರಿದಾರೆ. ಭಯ ಇರಲಿಲ್ಲ ಅಂತ ನಾನೂ ಹೇಳಲ್ಲ. ಆದ್ರೆ ಅವನ ವಾದ ಕೇಳಿ. 1957ರಲ್ಲಿ ಸೋವಿಯತ್ ರಷ್ಯಾಗೆ ಹೋಗಿದ್ದ. ಅಲ್ಲಿನ ದೊಡ್ಡ ದೊಡ್ಡ ಹಾಲ್‌ಗಳಲ್ಲಿ ಬಾಖ್‌ನ ಐದನೇ ಪಾರ್ತೀತಾ ನುಡಿಸ್ತಾ, ಕೊನೇ ಬಾಲ್ಕನಿಯವರಿಗೂ ತಲುಪಲಿ ಅಂತ ಅಲ್ಲಲ್ಲಿ ಸ್ವಲ್ಪ ಒತ್ತು, ಸ್ವಲ್ಪ ಏರಿಳಿತ ಸೇರಿಸಿಕೊಂಡ. ವಾಪಸ್ ಬಂದು ಅದನ್ನೇ ರೆಕಾರ್ಡ್ ಮಾಡಿದಾಗ ಆ ಚಟಗಳೆಲ್ಲಾ ಒಳಗೆ ಕೂತಿದ್ವು. ಆ ರೆಕಾರ್ಡ್ ಅವನಿಗೇ ಹಿಡಿಸಲಿಲ್ಲ. ಅಂದ್ರೆ ವೇದಿಕೆ ನಮ್ಮ ಸಾಮರ್ಥ್ಯ ಅಳೆಯೋದಷ್ಟೇ ಅಲ್ಲ, ಅದನ್ನ ಬದಲಾಯಿಸಿಯೂ ಬಿಡುತ್ತೆ.

1966ರಲ್ಲಿ ಅವನು ಬರೆದ ಇನ್ನೊಂದು ಪ್ರಸಂಗ ನಮ್ಮಂಥವರಿಗೆ ತುಂಬಾ ಇಷ್ಟ ಆಗುತ್ತೆ. ಬಾಖ್‌ನ ಒಂದು ಫ್ಯೂಗ್, ಎ ಮೈನರ್‌ನಲ್ಲಿ, ಎಂಟು ಟೇಕ್ ತಗೊಂಡ್ರು. ಆರನೇದು, ಎಂಟನೇದು ಎರಡರಲ್ಲೂ ಒಂದು ಸ್ವರ ತಪ್ಪಿಲ್ಲ. ಕೆಲವು ವಾರ ಬಿಟ್ಟು ಎಡಿಟ್ ರೂಮಲ್ಲಿ ಕೇಳಿದಾಗ ಎರಡೂ ಬೋರ್. ಒಂದು ಪೂರ್ತಿ ಗಂಭೀರ, ಇನ್ನೊಂದು ಪೂರ್ತಿ ಕುಣಿತ. ವೇಗ ಮಾತ್ರ ಹೆಚ್ಚುಕಮ್ಮಿ ಒಂದೇ. ಸರಿ, ಟೇಪ್ ಕತ್ತರಿಸಿ ಶುರು ಮತ್ತು ಕೊನೆಗೆ ಆರನೇ ಟೇಕ್, ನಡುವೆ ಎಂಟನೇದು ಅಂಟಿಸಿದ್ರು. ಎರಡು ಬ್ರಾಂಚ್ ಮರ್ಜ್ ಮಾಡಿದ ಹಾಗೆ. ನುಡಿಸೋವಾಗ ಹೊಳೆಯದೇ ಇದ್ದದ್ದು, ಕೂತು ಕೇಳಿದಾಗ ಹೊಳೀತು. ಇದರಲ್ಲಿ ಮೋಸ ಎಲ್ಲಿದೆ? ಆಮೇಲೆ 1975ರಲ್ಲಿ, ಅಂಟಿಸಿದ ಜಾಗ ಕಂಡುಹಿಡೀರಿ ಅಂತ ಕೇಳುಗರಿಗೇ ಟೆಸ್ಟ್ ಇಟ್ಟ. ಹೆಚ್ಚಿನದೆಲ್ಲಾ ತಪ್ಪಾಯ್ತು.

ಹಾಗಂತ ಅವನು ಹೇಳಿದ್ದಕ್ಕೆಲ್ಲಾ ತಲೆ ಆಡಿಸೋಕಾಗಲ್ಲ. ನೂರು ವರ್ಷದಲ್ಲಿ ಕಛೇರಿ ಅನ್ನೋದೇ ಇರಲ್ಲ ಅಂದಿದ್ದ. ಗಡುವಿಗೆ ಇನ್ನೂ ಟೈಮ್ ಇದೆ, ಆದ್ರೂ ನಾನು ನಂಬಲ್ಲ. ಯಾಕಂದ್ರೆ ಅದೇ ರಷ್ಯಾ ಪ್ರವಾಸದಲ್ಲಿ, ಮಾಸ್ಕೋದ ಮೊದಲ ಕಛೇರೀಲಿ ಅರ್ಧ ಆಗೋವರೆಗೂ ಹಾಲ್ ಖಾಲಿ ಹೊಡೀತಿತ್ತು. ಇಂಟರ್ವಲ್‌ನಲ್ಲಿ ಇದ್ದಬದ್ದವರೆಲ್ಲಾ ಫ್ರೆಂಡ್ಸ್‌ಗೆ ಫೋನ್ ಮಾಡೋಕೆ ಓಡಿದ್ರಂತೆ. ದ್ವಿತೀಯಾರ್ಧಕ್ಕೆ ಹಾಲ್ ತುಂಬಿಹೋಯ್ತು. ಇದನ್ನ ಯಾವ ಟೇಪ್ ಮಾಡುತ್ತೆ ಹೇಳಿ? ಇನ್ನೊಂದು ಮಾತು: ವೇದಿಕೆ ಬಿಡೋ ಸ್ವಾತಂತ್ರ್ಯ ಅವನಿಗೆ ಸಿಕ್ಕಿದ್ದು ಆಗಲೇ ಹೆಸರು ಮಾಡಿದ್ದರಿಂದ. ನನ್ನ ರೂಮ್‌ಮೇಟ್‌ಗೆ ಆ ಲಕ್ಷುರಿ ಇಲ್ಲ. ನಾಳೆ ಪ್ಲೇಸ್‌ಮೆಂಟ್ ಇಂಟರ್‌ವ್ಯೂಗೂ ಹೋಗ್ಲೇಬೇಕು.

ಹಾಗಾಗಿ ವೈವಾ ತೆಗೆದುಹಾಕಿ ಅಂತ ನಾನು ಕೇಳ್ತಿಲ್ಲ. ಬೇರೆಯವರ ಕೋಡ್ ಕಾಪಿ ಹೊಡೆದು ತಂದವನನ್ನ ಹಿಡಿಯೋಕೆ ಅದು ಬೇಕು. ನಾನು ಕೇಳ್ತಿರೋದು ಇಷ್ಟೇ: ಬ್ಲ್ಯಾಂಕ್ ಆದವನಿಗೆ ಅದೇ ದಿನ ಸಂಜೆ ಇನ್ನೊಂದು ಸಲ ಕೂರೋಕೆ ಬಿಡಿ. ಸೆಮ್ ಪೂರ್ತಿ ಅವನು ಬರೆದ ಕೋಡನ್ನ, ಅದು ವಾರ ವಾರ ಹೇಗೆ ಬೆಳೀತು ಅನ್ನೋದನ್ನ ಒಂದ್ಸಲ ತೆರೆದು ನೋಡಿ. "ಫೀಲ್ಡಲ್ಲಿ ಸೆಕೆಂಡ್ ಚಾನ್ಸ್ ಇರಲ್ಲ" ಅಂತ ಒಬ್ಬ ಸೀನಿಯರ್ ನಂಗೆ ಹೇಳಿದ್ರು. ಸರ್, ಲ್ಯಾಂಡಿಂಗ್ ಸರಿ ಬರ್ತಿಲ್ಲ ಅಂದ್ರೆ ಪೈಲಟ್ ಕೂಡ ಮೇಲಕ್ಕೆ ಹೋಗಿ ಸುತ್ತು ಹಾಕಿ ಮತ್ತೆ ಬರ್ತಾನೆ. ಅದಕ್ಕೆ ಗೋ-ಅರೌಂಡ್ ಅಂತ ಹೆಸರೂ ಇದೆ. ಯಾರೂ ಅವನನ್ನ ಫೇಲ್ ಮಾಡಲ್ಲ.

ಗೂಲ್ಡ್ 1981ರಲ್ಲಿ ಅದೇ ಗೋಲ್ಡ್‌ಬರ್ಗ್ ಮತ್ತೆ ರೆಕಾರ್ಡ್ ಮಾಡಿದ. ಈ ಸಲ 51 ನಿಮಿಷ. ಹಳೇದರ ಅವಸರ ತನಗೇ ಸಾಕಾಗಿತ್ತು ಅಂತ ಕಾಣುತ್ತೆ. ಹೋದ ವಾರ ರೂಮಲ್ಲಿ ಎರಡನ್ನೂ ಒಂದಾದ ಮೇಲೊಂದು ಹಾಕಿದ್ದೆ. ರೂಮ್‌ಮೇಟ್ ಮಂಚದ ಮೇಲೆ ಲ್ಯಾಪ್‌ಟಾಪ್ ಇಟ್ಕೊಂಡು ಕೂತಿದ್ದ. ಎರಡನೇದರ ಆರಿಯಾ ಶುರುವಾಗಿ ಸ್ವಲ್ಪ ಹೊತ್ತಿಗೆ ತಲೆ ಎತ್ತಿದ. "ಯಾರೋ ಹಿಂದೆ ಹಾಡ್ತಿದಾರಲ್ಲೋ?"

"ಅವನೇ. ಗುನುಗ್ತಾನೆ. ಇಂಜಿನಿಯರ್‌ಗಳು ಎಷ್ಟು ಒದ್ದಾಡಿದ್ರೂ ಅದನ್ನ ತೆಗೆಯೋಕಾಗ್ಲಿಲ್ಲ" ಅಂದೆ.

"ಫಿಲ್ಟರ್ ಹಾಕಿ ತೆಗೀಬಹುದಿತ್ತಲ್ಲ" ಅಂದ. ಆಮೇಲೆ ತಾನೇ ಒಂದು ನಿಮಿಷ ಯೋಚಿಸಿ, "ಇಲ್ಲ, ಪಿಯಾನೋನೂ ಹೋಗುತ್ತೆ, ಫ್ರೀಕ್ವೆನ್ಸಿ ಓವರ್‌ಲ್ಯಾಪ್ ಆಗುತ್ತೆ" ಅಂತ ಹೇಳಿ, ಯಾಕೆ ಅಂತ ಪೂರ್ತಿ ಹತ್ತು ನಿಮಿಷ ನಂಗೆ ವಿವರಿಸಿದ. ಒಂದು ಕಡೇನೂ ತಡವರಿಸಲಿಲ್ಲ.