ವಾಲ್ವ್ ಹೊಸದು, ಸೀಟು ಹಳೇದು!

ಕಾರಿನ 'ಪರ್ಫಾರ್ಮೆನ್ಸ್' ಹುಚ್ಚು ಹತ್ತಿದ ಗೆಳೆಯರೇ, ಸ್ವಲ್ಪ ನಿಲ್ಲಿ. ದುಬಾರಿ ಸ್ಟೇನ್‌ಲೆಸ್ ವಾಲ್ವ್ ಹಾಕಿಸಿದರೆ ಕಾರು ಹಾರುತ್ತೆ ಅನ್ನೋದು ಶುದ್ಧ ಭ್ರಮೆ. ನಾನೂ ಬೆಂಗಳೂರಲ್ಲಿ ಹಾಕಿಸಿದ್ದೆ. ನಾಲ್ಕೇ ತಿಂಗಳು. ಯಲಬುರ್ಗಾಕ್ಕೆ ಹೊರಟವನಿಗೆ ಕೊಪ್ಪಳ ಬರೋ ಹೊತ್ತಿಗೆ ಒಂದು ಸಿಲಿಂಡರ್ ಸತ್ತಿತ್ತು.

ಮಾವ ಗಂಗಾವತಿಯ ಲೇತ್ ಅಂಗಡಿಗೆ ಕಳಿಸಿದರು. ಭತ್ತದ ಕೊಯ್ಲಿನ ಕಾಲ, ಸುತ್ತ ಟ್ರ್ಯಾಕ್ಟರ್ ಹೆಡ್ಡುಗಳ ರಾಶಿ. ಮೇಸ್ತ್ರಿ ಸುಟ್ಟ ಎಕ್ಸಾಸ್ಟ್ ವಾಲ್ವನ್ನು ಗೈಡಿನೊಳಗೆ ಅಲ್ಲಾಡಿಸಿ ತೋರಿಸಿದರು. "ಗೈಡ್ ಸವದೈತಿ, ಸೀಟ್ ಕಟ್ ಮಾಡಿಲ್ಲ. ಹೊಸಾ ವಾಲ್ವ್ ಒಂದ ಏನ್ ಮಾಡ್ತೈತ್ರಿ ಸರ?"

ನಿಜ ತಾನೇ! ವಾಲ್ವಿನ ಬಿಸಿ ಬಹುಪಾಲು ಇಳಿಯೋದೇ ಸೀಟಿನ ಮೂಲಕ. ಸರಿಯಾಗಿ ಕೂರದಿದ್ದರೆ ಅಲ್ಲೇ ಬೆಂಕಿ ಸೋರುತ್ತೆ, ಅಲ್ಲೇ ಸುಡುತ್ತೆ. ಅವರು ಮೊದಲು ಗೈಡ್ ಬದಲಿಸಿದರು. ಆಮೇಲೆ ಸೀಟಿಗೆ 45 ಡಿಗ್ರಿ, ಅದರ ಆಚೀಚೆ 30 ಮತ್ತು 60 ಕಟ್ ಮಾಡಿ, ಪೇಸ್ಟ್ ಹಚ್ಚಿ ಉಜ್ಜಿ, ಪೋರ್ಟಿಗೆ ಸೀಮೆಎಣ್ಣೆ ಸುರಿದರು. ಒಂದು ಹನಿ ತೊಟ್ಟಿಕ್ಕಲಿಲ್ಲ. (ಆರ್‌ಎಕ್ಸ್ 100 ಭಕ್ತರು ನಗಬೇಡಿ, ನಿಮ್ಮ ಹೆಡ್ಡಿನಲ್ಲಿ ವಾಲ್ವೇ ಇಲ್ಲ!)

ಇದನ್ನೇ 'ಲೋಕಲ್ ಕೆಲಸ' ಅಂತ ಮೂಗು ಮುರಿಯೋದು ನಾವು. ಬೆಂಗಳೂರಿನ ಎಸಿ ವರ್ಕ್‌ಶಾಪಿನ ಬಿಲ್ ಇನ್ನೂ ಇದೆ. ವಾಲ್ವಿನ ಬ್ರ್ಯಾಂಡ್ ದಪ್ಪಕ್ಷರದಲ್ಲಿದೆ, ಗೈಡಿನ ಅಳತೆ ಎಲ್ಲೂ ಇಲ್ಲ. ಇಂಜಿನಿಯರಿಂಗ್ ಓದಿದ ನಾನೂ ಕೇಳಿರಲಿಲ್ಲ.